ಒಂಟಿಗೈ ಸಾಮಾನು

ಅಯ್ಯೋ, ಅದು ಬೇಡ ಅಂದ್ನಲ್ಲ! ಇಡು ಕೆಳಗೆ. ನೀನು ಯಾಕೆ ಎತ್ತೋಕೆ ಹೋಗ್ತೀಯ, ಒಂಬತ್ತು ತಿಂಗಳು ತುಂಬ್ತಿರೋಳು... ಕೊಡಿಲ್ಲಿ. ಕೂತ್ಕೋ. ಮಾರಾಟದ ಕುರ್ಚಿ ಆದ್ರೇನೀಗ? ಬಸುರಿ ಹೆಂಗಸು ಐದು ನಿಮಿಷ ಕೂತ್ರೆ ಸವೆದುಹೋಗಲ್ಲ. ಏನಮ್ಮಾ, ಕೂರಬಹುದು ತಾನೇ? ನೋಡು, ಅಂಗಡಿ ಹುಡುಗಿನೇ ಕೂರಿ ಅಂತಿದ್ದಾಳೆ. ಕಾಲು ಮೇಲಿಡು. ಆ ಡೈಪರ್ ಮೂಟೆ ಮೇಲೇ ಇಡು, ಪರವಾಗಿಲ್ಲ. ಎಷ್ಟು ಊದಿದೆ ನೋಡು ಪಾದ... ಚಪ್ಪಲಿ ಪಟ್ಟಿ ಅಚ್ಚು ಬಿದ್ದಿದೆ.

ಹ್ಞಾಂ. ಈಗ ಕೇಳು. ಆ ಸ್ನಾನದ ತೊಟ್ಟಿ ಬೇಡ. ಚೆನ್ನಾಗಿಲ್ಲ ಅಂದ್ನಾ ನಾನು? ಚೆನ್ನಾಗಿದೆ. ನೀಲಿ ಬಣ್ಣ, ಅಂಚಿಗೆಲ್ಲ ಬಾತುಕೋಳಿ... ನನಗೇ ಅದರಲ್ಲಿ ಕೂತ್ಕೊಳ್ಳೋಣ ಅನ್ಸುತ್ತೆ. ಆದ್ರೆ ಈ ಹುಡುಗಿ ಏನಂದ್ಲು ಕೇಳಿಸ್ಕೊಂಡ್ಯಾ? ಒಬ್ರು ಹಿಡ್ಕೋಬೇಕಂತೆ, ಒಬ್ರು ನೀರು ಹಾಕ್ಬೇಕಂತೆ. ಇಬ್ರು! ಮೂರು ಕೆಜಿ ಮಗು ತೊಳೆಯೋಕೆ ಇಬ್ರಾ? ಅದೇನು ಮಗುನಾ, ಲಾರಿನಾ? ಈ ಜಾಲರಿ ಇರೋದು ನೋಡು. ಮಗು ಇದರ ಮೇಲೆ ಒರಗಿರುತ್ತೆ. ಒಂದು ಕೈ ಅದರ ಎದೆ ಮೇಲೆ, ಇನ್ನೊಂದರಲ್ಲಿ ಚೊಂಬು. ಸುರಿ. ಮುಗೀತು ಕಥೆ.

ಯಾಕೆ ನಗ್ತೀಯ?

ನಗು, ನಗು. ಕಾಲೇಜು ಅರ್ಧಕ್ಕೆ ಬಿಟ್ಟೋನು ಮಗು ಸಾಮಾನಲ್ಲಿ ಡಾಕ್ಟರೇಟ್ ಮಾಡ್ತಿದ್ದಾನೆ ಅಂತ ತಾನೇ? ಮಾಡಿದೀನಿ ಮತ್ತೆ! ಈ ವಾರ ಮೂರು ಸಲ ಬಂದಿದೀನಿ ಇಲ್ಲಿಗೆ, ಮಧ್ಯಾಹ್ನ ಊಟ ಬಿಟ್ಟು. ಈ ಹುಡುಗಿನ ಕೇಳು. ಮೊದಲನೇ ದಿನ ನನ್ನ ಗ್ರೀಸ್ ಹತ್ತಿದ ಅಂಗಿ ನೋಡಿ ಎಸಿ ರಿಪೇರಿಗೆ ಬಂದಿದಾನೆ ಅನ್ಕೊಂಡು ಮೇಲುಗಡೆ ತೋರಿಸಿದ್ಲು. ಅಲ್ಲಮ್ಮಾ, ನಾನು ಲಿಫ್ಟಿನವನು, ಈವತ್ತು ಗಿರಾಕಿ ಅಂದೆ.

ಅಕ್ಕ ಫೋನಲ್ಲಿ ಏನಂದ್ಲು ಗೊತ್ತಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾನೆ ನೋಡು ಇವನು ಅಂದ್ಲು. ಕಿಸಕ್ಕಂತ ನಕ್ಲು. ಅಲ್ಲಾ, ಮತ್ತೆ ಯಾವಾಗ ಹೊಲಿಸೋದು? ಅದು ಕಾಲೇಜು ಸೇರಿದ ಮೇಲಾ? ಈ ಗಾದೆ ಮಾಡಿದೋನಿಗೆ ಮಕ್ಕಳಿರ್ಲಿಲ್ಲ ಅನ್ಸುತ್ತೆ. ಇದ್ರೂ ಹೆಂಡ್ತಿ ನೋಡ್ಕೊಂಡಿರ್ತಾಳೆ, ಇವನು ಜಗಲಿ ಮೇಲೆ ಕೂತು ಗಾದೆ ಮಾಡ್ತಿದ್ದ...

ಆಯ್ತು, ಆಯ್ತು. ಬೇಗ ಮುಗಿಸ್ತೀನಿ. ನನಗೂ ಸುಸ್ತು ಕಣೆ. ನಿದ್ದೆ ಅನ್ನೋದೇ ಸರಿಯಾಗಿ ಆಗಿಲ್ಲ ಈ ವಾರ. ನಿನ್ನ ಗೊರಕೆ ಅಲ್ಲ, ಸುಮ್ನೆ... ಆಗಿಲ್ಲ ಅಷ್ಟೇ.

ತಳ್ಳುಗಾಡಿ. ಇಲ್ಲಿ ನೋಡು. ಆ ದೊಡ್ಡದು ದಂಡ. ಮಡಚೋಕೆ ಎರಡು ಕೈ, ಒಂದು ಮಂಡಿ, ಮೂರು ಬೈಗುಳ ಬೇಕು. ಇದು ಹಾಗಲ್ಲ. ಈ ಗುಂಡಿ ಒತ್ತು, ಹೀಗೆ ತಿರುವು... ಚಟ್! ನೋಡಿದ್ಯಾ? ಛತ್ರಿ ಥರ ಬಂತು. ಕಂಕುಳಲ್ಲಿ ಮಗು, ಈ ಕೈಯಲ್ಲಿ ಇದು. ಮೂರು ಮಹಡಿ ಮೆಟ್ಟಿಲು ಹತ್ಬಿಡಬಹುದು. ಊರಿಗೆಲ್ಲ ಲಿಫ್ಟ್ ಹಾಕೋನ ಮನೇಲಿ ಲಿಫ್ಟಿಲ್ಲ, ಏನ್ ಮಾಡೋದು, ನಮ್ಮ ಹಣೆಬರಹ. ನಿಮ್ಮಮ್ಮನಿಗೆ ಆ ಮಂಡಿ ಇಟ್ಕೊಂಡು ಒಂದು ಮಹಡಿ ಹತ್ತೋಕೂ ಆಗಲ್ಲ. ಅವರು ಬಂದು ಇದ್ಕೊಂಡು ನೋಡ್ಕೋತಾರೆ ಅನ್ನೋ ಮಾತೇ ಇಲ್ಲ. ಅದಕ್ಕೇ ಯೋಚನೆ ಮಾಡಿ ಮಾಡಿ...

ಬಾಟಲಿ. ತಿರುಗಿಸೋ ಮುಚ್ಚಳದ್ದು ಬೇಡ, ಹೆಬ್ಬೆರಳಲ್ಲಿ ತಳ್ಳಿದ್ರೆ ತೆಗೆಯೋದು ಬೇಕು. ಹೀಗೆ. ಟಿಕ್. ಮಂಚ... ಆ ಮರದ್ದು ನೀನು ಮೆಚ್ಕೊಂಡಿದ್ದು ಗೊತ್ತು, ಬಂದಾಗಿಂದ ಅದನ್ನೇ ಸವರ್ತಿದ್ದೀಯ. ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಅದನ್ನ ಈ ಕೋಣೆಯಿಂದ ಆ ಕೋಣೆಗೆ ಸರಿಸ್ಬೇಕು ಅಂದ್ರೆ ಆ ತುದಿಗೊಬ್ರು ಈ ತುದಿಗೊಬ್ರು. ಇದಕ್ಕೆ ಚಕ್ರ ಇದೆ. ಪಕ್ಕದ ಕಟಕಟೆ ನೋಡು, ಈ ಚಿಲಕ ಎತ್ತಿ ಒಂಚೂರು ಒತ್ತಿದ್ರೆ... ತಾನಾಗೇ ಇಳಿಯುತ್ತೆ. ಒಂದೇ ಕೈ. ಮಗು ಎಚ್ಚರಾನೂ ಆಗಲ್ಲ.

ಇದು ನಮ್ಮ ಕೆಲಸದ ಅಭ್ಯಾಸ ಕಣೆ. ಲಿಫ್ಟ್ ಓಡಾಡೋ ಬಾವಿ ಒಳಗೆ ನೇತಾಡ್ತಿರುವಾಗ ಒಂದು ಕೈ ಕಂಬಿಗೆ, ಒಂದು ಕೈ ಕೆಲಸಕ್ಕೆ. ಎರಡನೇ ಕೈ ಅನ್ನೋದು ಇಲ್ಲ ಅಂತಲೇ ಲೆಕ್ಕ. ಹೊಸ ಸ್ಪ್ಯಾನರ್ ಬರ್ಲಿ, ಟಾರ್ಚ್ ಬರ್ಲಿ, ಮೊದ್ಲು ಒಂದು ಕೈ ಬೆನ್ನ ಹಿಂದೆ ಕಟ್ಕೊಂಡು ನೋಡ್ತೀವಿ. ಬಳಸೋಕೆ ಬಂದ್ರೆ ಒಂಟಿಗೈ ಸಾಮಾನು, ಚೀಲಕ್ಕೆ ಹಾಕು. ಬರ್ಲಿಲ್ವಾ, ವಾಪಸ್ ಕಳಿಸು. ಇಲ್ಲೂ ಹಾಗೇ ಮಾಡ್ದೆ. ಬೆನ್ನ ಹಿಂದೆ ಕೈ ಕಟ್ಕೊಂಡು ಬಾಟಲಿ ಬಿಚ್ತಿದ್ರೆ ಈ ಹುಡುಗಿ ಓಡಿಹೋಗಿ ಮಾಲೀಕನ್ನ ಕರ್ಕೊಂಡು ಬಂದ್ಲು! ಹೌದೋ ಅಲ್ವೋಮ್ಮಾ? ನೋಡು, ನಗ್ತಾಳೆ.

ನೀನು ಯಾಕೆ ನಗ್ಲಿಲ್ಲ?

ಏನು? ಏನಾಯ್ತು? ನೋವು ಬಂತಾ? ಇಲ್ಲ ತಾನೇ. ಮತ್ತೆ ಯಾಕೆ ಹಾಗೆ ನನ್ನ ಕೈ ನೋಡ್ತೀಯ... ಗ್ರೀಸಾ? ತೊಳ್ಕೊಂಡೇ ಬಂದಿದೀನಿ.

ಇದಾ? ಹೂಂ, ಎಡಗೈ. ಎಡಗೈಯಲ್ಲೇ ತೆಗೆದೆ, ಅದಕ್ಕೇನೀಗ? ಗಾಡಿನೂ ಎಡಗೈಯಲ್ಲೇ... ಹೌದು. ಮಂಚದ ಚಿಲಕ... ಅದೂ... ಸುಮ್ನೆ ಹಾಗೆ ಬಂತು. ಯಾವ ಕೈ ಆದ್ರೇನು?

ನಿನ್ನ ಕೈ ಯಾಕೆ ಎತ್ತಿ ತೋರಿಸ್ತೀಯ? ಗೊತ್ತು ನೀನು ಎಡಚಿ ಅಂತ! ಮದುವೆ ಆದ ವಾರದಲ್ಲೇ ಗೊತ್ತಾಯ್ತಲ್ಲ. ಪಕ್ಕ ಪಕ್ಕ ಕೂತು ಊಟ ಮಾಡೋಕೆ ಹೋದ್ರೆ ನಿನ್ನ ಮೊಣಕೈಗೂ ನನ್ನ ಮೊಣಕೈಗೂ ಕುಸ್ತಿ. ಅವತ್ತಿಂದ ನೀನು ಈ ಕಡೆ, ನಾನು ಆ ಕಡೆ. ಗೊತ್ತಿಲ್ವಾ ನನಗೆ? ಅದಕ್ಕೇ... ನೀನು ಬಳಸೋ ಸಾಮಾನು ನಿನ್ನ ಕೈಗೆ ಹೊಂದ್ಲಿ ಅಂತ... ಅದು ತಪ್ಪಾ?

ಬಲಗೈಯಲ್ಲಾ? ನಾನು ಬಳಸೋ ಕೈಯಲ್ಲಾ? ಬಲಗೈಯಲ್ಲಿ... ನೋಡ್ಲಿಲ್ಲ.

ಯಾವುದನ್ನೂ ನೋಡ್ಲಿಲ್ಲ.

...ಹಾಗೆ ನೋಡ್ಬೇಡ ಕಣೆ. ಬೈದುಬಿಡು ಬೇಕಾದ್ರೆ. ಇಲ್ಲಿ ಜನ ಇದಾರೆ. ಅಮ್ಮಾ, ನೀನು ಆ ಕಡೆ ಗಿರಾಕಿ ನೋಡ್ಕೋ ಹೋಗು, ನಾವು ಕರೀತೀವಿ... ಹೋದ್ಲು.

ಹೇಳ್ತೀನಿ. ಮನೇಲೇ ಹೇಳೋಣ ಅಂತಿದ್ದೆ. ದಿನಾ ಅಂದ್ಕೊಳ್ಳೋದು, ದಿನಾ ನೀನು ಊದಿದ ಕಾಲು ನೀಡ್ಕೊಂಡು ಕೂರೋದು, ನಾನು ಒತ್ತೋದು, ಈ ಕಾಲು ಹಿಡ್ಕೊಂಡು ಆ ಮಾತು ಹೇಗೆ ಹೇಳೋದು... ಹೊರಗಿನ ಕೆಲಸ ಬಂದಿದೆ. ದೂರದ ಊರು, ರೈಲಲ್ಲಿ ಎರಡು ದಿನ. ಹೊಸ ಆಸ್ಪತ್ರೆ ಕಟ್ತಿದಾರೆ, ಹದಿನಾಲ್ಕು ಲಿಫ್ಟು. ಹತ್ತು ತಿಂಗಳು. ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಹೊರಡ್ಬೇಕು.

ಗೊತ್ತು. ಡಾಕ್ಟರು ಕೊಟ್ಟಿರೋ ತಾರೀಖು ಆ ವಾರದ್ದೇ. ಗೊತ್ತು ಕಣೆ, ನನಗೆ ಎಣಿಸೋಕೆ ಬರಲ್ವಾ?

ಸೂಪರ್‌ವೈಸರು ಹಾಕ್ಬಿಟ್ರು ನನ್ನ ಹೆಸರನ್ನ. ಅವರಿಗೆ ಹೇಳಿದೆ, ಹೀಗ್ಹೀಗೆ ಸಾರ್, ಮನೇಲಿ ದಿನ ತುಂಬಿದೆ ಅಂತ. ಕಲ್ಲು ಮನುಷ್ಯ. ನೀನೇ ಹೋಗ್ಬೇಕು ಅಂದ್ರು. ಏನ್ ಮಾಡ್ಲಿ, ಕೆಲಸ ಅಂದ್ಮೇಲೆ... ನಾಯಿ ಪಾಡು ನಮ್ದು. ಅದಕ್ಕೇ ನೋಡು, ನಿನಗೆ ಒಬ್ಬಳಿಗೇ ಕಷ್ಟ ಆಗ್ಬಾರ್ದು ಅಂತ, ಒಂದೊಂದನ್ನೂ ಹುಡುಕಿ ಹುಡುಕಿ...

ಏನು, ಏನು ಬೇಕು ಚೀಲದಲ್ಲಿ? ನೀರಾ? ತಾಳು, ನಾನು ತೆಗೀತೀನಿ...

ಫೋನ್ ಯಾಕೆ? ಯಾರಿಗೆ? ನಿಮ್ಮಮ್ಮನಿಗಾ? ಸಂಜೆ ಹೇಳೋಣ, ಪಾಪ ಅವರು ಈ ಹೊತ್ತಲ್ಲಿ... ಅಮ್ಮನಿಗಲ್ವಾ?

ಸೂಪರ್‌ವೈಸರ್ ನಂಬರ್ ನಿನ್ನ ಹತ್ರ ಯಾಕಿದೆ? ಓ... ನಾನೇ ಕೊಟ್ಟಿದ್ದೆ. ನಾನು ಲಿಫ್ಟ್ ಬಾವಿ ಒಳಗಿದ್ರೆ ಸಿಗಲ್ಲ, ಅರ್ಜೆಂಟಿದ್ರೆ ಇವರಿಗೆ ಮಾಡು ಅಂತ. ಇಡು. ಬೇಡ. ಅವರನ್ನೇನು ಕೇಳ್ತೀಯ ನೀನು? ನನ್ನ ಗಂಡನ್ನ ಬಿಟ್ಬಿಡಿ ಅಂತ ಬೇಡ್ಕೋತೀಯಾ? ನೀನಾ? ನನ್ನ ಹತ್ರ ಒಂದು ಲೋಟ ನೀರೂ ಬೇಡದೋಳು... ಭಾನುವಾರ, ಊಟ ಮಾಡಿ ಮಲಗಿರ್ತಾರೆ ಕಣೆ. ಬೈತಾರೆ. ರಿಂಗ್ ಆಗ್ತಿದೆ... ಕಟ್ ಮಾಡು. ಕಟ್ ಮಾಡು ಅಂದ್ನಲ್ಲ! ಅವರು... ಅವರು ಕಳಿಸ್ತಿಲ್ಲ ಕಣೆ!

ನಾನೇ ಕೇಳ್ಕೊಂಡೆ.

...ಇಟ್ಟೆಯಾ? ಸರಿ. ನಾನೇ ಹೋಗಿ ಕೇಳ್ಕೊಂಡೆ. ಅವರೇ ಬೇಡ ಅಂದ್ರು. ನಿನಗೆ ತಲೆ ಕೆಟ್ಟಿದೆಯೇನಯ್ಯಾ, ಈ ಹೊತ್ತಲ್ಲಿ ಯಾರಾದ್ರೂ ಮನೆ ಬಿಡ್ತಾರಾ ಅಂದ್ರು. ಎರಡು ದಿನ ಹೆಸರೇ ಬರ್ಕೊಳ್ಳಲಿಲ್ಲ. ಒಳ್ಳೆ ಮನುಷ್ಯ. ನಾನು ಅವರ ಮೇಲೆ ಹಾಕಿದ್ದು... ಥೂ.

ಯಾಕೆ ಅಂತ ಕೇಳಲ್ವಾ? ಕೇಳು. ನೀನು ಕೇಳಿದ್ರೆ ಹೇಳೋದು ಸುಲಭ.

ಹೋಗ್ಲಿ. ಕಳೆದ ಸೋಮವಾರ ಸ್ಕ್ಯಾನಿಂಗ್ ಕೋಣೇಲಿ, ಆ ಡಾಕ್ಟರಮ್ಮ ಸೌಂಡ್ ಜೋರು ಮಾಡಿದ್ರಲ್ಲ, ಮಗು ಎದೆಬಡಿತ. ನೀನು ಅಳ್ತಾ ನಗ್ತಿದ್ದೆ. ನಾನು ಸ್ಕೂಟರ್ ನೋ ಪಾರ್ಕಿಂಗಲ್ಲಿ ನಿಲ್ಸಿದೀನಿ ಅಂತ ಹೊರಗೆ ಹೋದೆ, ಜ್ಞಾಪಕ ಇದೆಯಾ? ಸ್ಕೂಟರ್ ಸರಿಯಾಗೇ ಇತ್ತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಆ ಸದ್ದು... ಟಕಟಕಟಕಟಕ. ನಮ್ಮ ಕಂಟ್ರೋಲ್ ಪೆಟ್ಟಿಗೇಲಿ ಸ್ವಿಚ್ಚು ಹಾಗೇ ಬಡ್ಕೊಳೋದು, ಕರೆಂಟು ಎಲ್ಲೋ ಕೈಕೊಟ್ಟಾಗ. ಸುಟ್ಟುಹೋಗೋಕೆ ಮುಂಚೆ. ಹನ್ನೊಂದು ವರ್ಷದಿಂದ ಆ ಸದ್ದು ಕೇಳಿದ್ರೆ ನಾವು ಮಾಡೋದು ಒಂದೇ ಕೆಲಸ... ದೂರ ನಿಲ್ಲೋದು.

ಗೊತ್ತು, ಗೊತ್ತು! ಮಗು ಎದೆ ಅಷ್ಟೇ ಜೋರಾಗಿ ಹೊಡ್ಕೊಳೋದು, ಅದು ಆರೋಗ್ಯ ಅಂತ ಅವರೇ ಹೇಳಿದ್ರಲ್ಲ. ತಲೆಗೆ ಗೊತ್ತು. ಕಾಲಿಗೆ ಗೊತ್ತಿಲ್ಲ. ಮಾರನೇ ದಿನ ಬೆಳಗ್ಗೆ ಹೋಗಿ ಕೇಳ್ದೆ. ಹೊರಗಿನ ಕೆಲಸ ಯಾವುದಾದ್ರೂ ಇದ್ರೆ ನನ್ನ ಹಾಕಿ ಸಾರ್, ಎಷ್ಟು ದೂರ ಆದ್ರೂ ಸರಿ ಅಂತ. ಅವತ್ತೇ ಊಟಕ್ಕೆ ಬಿಟ್ಟಾಗ ನೇರ ಈ ಅಂಗಡಿಗೆ ಬಂದೆ. ಏನಾದ್ರೂ ತಗೊಂಡ್ರೆ ಮಾಡಿದ ತಪ್ಪು ಸರಿಹೋಗುತ್ತೆ ಅಂತ.

ಹೋಗ್ಲಿಲ್ಲ.

ಏನಾದ್ರೂ ಅನ್ನು. ಹೇಡಿ ಅನ್ನು. ಹೋಗು ಅಂತಾದ್ರೂ ಅನ್ನು, ಹೋಗ್ತೀನಿ. ಬೇಡ ಅಂದ್ರೆ... ಒಂದು ಸಲ ಅಂದ್ರೆ ಸಾಕು...

ಫೋನ್ ನನಗೆ ಯಾಕೆ ಕೊಡ್ತೀಯ? ...ನೀನು ಕಟ್ ಮಾಡಿರ್ಲಿಲ್ವಾ! ಎತ್ತಿದಾರೆ ಕಣೆ ಅವರು. ನಿಮಿಷ ಓಡ್ತಿದೆ. ನಾಲ್ಕು ನಿಮಿಷ... ಎಲ್ಲಾ ಕೇಳಿಸ್ಕೊಂಡಿದಾರಾ?

...

ಹಲೋ. ಹ್ಞೂಂ ಸಾರ್, ನಾನೇ. ಹೌದು ಸಾರ್... ಪಕ್ಕದಲ್ಲೇ ಇದಾಳೆ.

ಸಾರ್... ನನ್ನ ಹೆಸರು ಹೆಡ್ಡಾಫೀಸಿಗೆ ಕಳಿಸಿಬಿಟ್ರಾ, ಇಲ್ಲ ಇನ್ನೂ ತೆಗೀಬಹುದಾ?