ನೆತ್ತಿ ಬಡ್ಕೋಬೇಡಿ, ಅಳಿಯಂದ್ರೇ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಅಳಿಯಂದ್ರಾ? ಜೋರಾಗಿ ಹೇಳಿ, ಇಲ್ಲಿ ಗಾಳಿ!... ಎಲ್ಲಿದೀರಿ ಅಂತ ನನ್ನನ್ನೇ ಕೇಳ್ತೀರಲ್ಲ! ತಲೆ ಎತ್ತಿ ನೋಡಿ. ಕ್ರೇನಲ್ಲಿ ನಮ್ಮ ಸೈಟ್ ಆಫೀಸಿನ ತಗಡಿನ ಗೂಡು ನೇತಾಡ್ತಿದೆಯಾ? ಅದರೊಳಗೆ ನಿಮ್ಮ ಮಾವ ಇದೀನಿ.

...

ಹಾಂ, ಊಟಕ್ಕೆ ಕೂತಿದ್ದೆ. ಗೂಡನ್ನ ಗೇಟಿನ ಹತ್ರ ಸಾಗಿಸ್ಬೇಕು ಅಂತ ನಾನೇ ಕೊಕ್ಕೆ ಹಾಕಿಸಿದ್ದು, ಸರಿ. ಸಾಯಂಕಾಲ ಅಂದಿದ್ದೆ! ಬಾಯಿಗೆ ತುತ್ತಿಡೋ ಹೊತ್ತಿಗೆ ಅಂದಿದ್ನಾ? ಸನ್ನೆ ಕೊಡೋರು ನೀವು. ಯಾಕೆ ಕೊಟ್ರಿ?

...

ಕೊಟ್ಟಿಲ್ವಾ? ಮತ್ತೇನ್ ಮಾಡ್ತಿದ್ರಿ?... ಬಡ್ಕೋತಿದ್ರಾ?... ಬೆರಳಲ್ಲಿ ಹುಬ್ಬು, ಕಣ್ಣ ಕೆಳಗೆ, ಗದ್ದ, ಕೊನೆಗೆ ನೆತ್ತಿ... ಯಾರು ಹೇಳ್ಕೊಟ್ಟಿದ್ದು?... ನನ್ನ ಮಗಳಾ! ಮನಸ್ಸಿನ ಭಾರ ಇಳಿಯತ್ತೆ ಅಂದ್ಲಾ? ನಮ್ಮ ಸೈಟಲ್ಲಿ ನೆತ್ತಿ ಬಡಿದ್ರೆ ಮೇಲೆತ್ತು ಅಂತ ಅಲ್ವಾ? ಗದ್ದ ಮುಟ್ಟಿದ್ರೆ ತಿರುಗಿಸು ಅಂತ ಅಲ್ವಾ?

...

ಕ್ರೇನಿನವನಿಗೆ ಫೋನಾ? ಫೋನ್ ಮುಟ್ಟಬೇಡ, ಯಾರು ಕೂಗಿದ್ರೂ ಕೇಳಬೇಡ, ಸನ್ನೆ ಒಂದನ್ನೇ ನಂಬು ಅಂತ ಅವನ ಕಿವಿ ಹಿಂಡಿದ್ದು ನಾನೇ ಕಣ್ರೀ. ಅಂಗೈ ಕೆಳಗೆ ಮಾಡಿ ಆಡಿಸಿ, ಇಳಿಸ್ತಾನೆ... ಮೊದಲು ಸ್ವಲ್ಪ ಬಡ್ಕೋತೀರಾ?... ಬೇಡ! ನೆತ್ತಿಗೆ ಕೈ ಬೇಡ! ಅಯ್ಯಯ್ಯೋ, ಡಬ್ಬಿ ಪೂರ್ತಿ ಪ್ಯಾಂಟ್ ಮೇಲೆ! ನನಗೆ ಎತ್ತರ ಅಂದ್ರೆ ಪ್ರಾಣ ಹೋಗತ್ತೆ. ಮನೇಲಿ ಸ್ಟೂಲ್ ಹತ್ತಿ ಬಲ್ಬ್ ಹಾಕೋದೂ ನಿಮ್ಮತ್ತೆನೇ. ಯಾರಿಗೂ ಹೇಳ್ಬೇಡಿ. ಬಾಯಿತುಂಬಾ ಬೈಯೋಣ ಅಂದ್ರೆ ಅಳಿಯಂದ್ರು ಬೇರೆ.

...

ಹಾಂ, ಇಳೀತಿದೆ... ಮೆಲ್ಲಗೆ... ಅಷ್ಟಕ್ಕೂ ನಿಮಗೇನ್ರೀ ಅಂಥಾ ಭಾರ?... ನನಗೆ ಹೇಳೋ ವಿಷಯಾನಾ? ವಾರದಿಂದ ಬಾಯೇ ಬರ್ತಿಲ್ವಾ? ಈಗ ಹೇಳಿ. ಎದ್ದು ಹೋಗೋಕಂತೂ ನನ್ನ ಕೈಲಾಗಲ್ಲ.

...

ನಮ್ಮನೆ ಬಿಟ್ಟು ಬೇರೆ ಮನೆನಾ... ನನ್ನ ಮಗಳೂ ಒಪ್ಪಿದಾಳಾ?... ಎಲ್ಲಿ?... ಹಿಂದಿನ ಬೀದಿ, ಹಸಿರು ನೀರಿನ ಟ್ಯಾಂಕ್ ಇರೋ ಮನೆ. ಹಿಂದಿನ ಬೀದಿಗೆ ಹೋಗೋಕೆ ಇಷ್ಟೊಂದು ತಲೆ ಬಡ್ಕೊಂಡ್ರಾ?

...

ಛೇ, ನನಗ್ಯಾಕೆ ಬೇಜಾರು. ಹೋಗ್ರಪ್ಪ, ಚೆನ್ನಾಗಿರಿ... ಅಲ್ಲ, ಬೆಳಿಗ್ಗೆ ಪೇಪರಿಗೆ ನನ್ನ ಜೊತೆ ಕಿತ್ತಾಡೋರು ಯಾರು?... ಬೇಜಾರಾಗತ್ತೆ ಕಣ್ರೀ. ತುಂಬಾ ಬೇಜಾರಾಗತ್ತೆ.

...

ಅಳ್ತಿಲ್ಲ, ಗಾಳಿಗೆ ಕಣ್ಣಲ್ಲಿ ನೀರು... ಹಾಂ? ನಾನೂ ಬಡ್ಕೋಬೇಕಾ? ಹುಚ್ಚಾಟ... ಸರಿ, ಹುಬ್ಬು... ಬಡ್ಕೋತಾ ಏನನ್ಬೇಕು?... "ಎಷ್ಟೇ ದುಃಖ ಇದ್ರೂ ನನ್ನನ್ನ ನಾನು ಒಪ್ಕೋತೀನಿ"... ನಗಬೇಡಿ!... ಗದ್ದ... ಯಾಕೋ ಗೂಡು ತಿರುಗ್ತಿದೆ. ಕಿಟಕಿ ಎದುರಿಗೇ ಕ್ರೇನಿನವನು ಕೂತಿದಾನೆ, ನನ್ನನ್ನೇ ನೋಡ್ಕೊಂಡು ಹೂಂ ಹೂಂ ಅಂತ ತಲೆ ಆಡಿಸ್ತಿದಾನೆ, ಒಳ್ಳೆ ಹುಡುಗ... ಅಳಿಯಂದ್ರೇ, ನಿಜವಾಗ್ಲೂ ಸಮಾಧಾನ ಆಗ್ತಿದೆ! ಈಗ ನೆತ್ತಿ, ಟಪ, ಟಪ, ಟಪ...

...

ಅಯ್ಯೋ! ನಿನಗಲ್ಲ ಕಣೋ! ನನ್ನ ನೆತ್ತಿ ನಾನು ಬಡ್ಕೊಂಡ್ರೆ ನಿನಗೇನೋ! ಅಳಿಯಂದ್ರೇ, ಅಂಗೈ! ಅಂಗೈ ಕೆಳಗೆ! ಬೇರೆ ಮನೆ ಮಾಡಿ, ಹತ್ತು ಮನೆ ಮಾಡಿ, ಮೊದಲು ನನ್ನನ್ನ... ಇರಿ, ಇರಿ. ಹಸಿರು ಟ್ಯಾಂಕ್ ಕಾಣ್ತಿದೆ! ಅದರ ಪಕ್ಕ ನಮ್ಮದೇ ತಾರಸಿ, ನಿಮ್ಮತ್ತೆ ಬಟ್ಟೆ ಒಣಗ್ಹಾಕ್ತಿದಾಳೆ! ಎರಡೂ ತಾರಸಿ ಅಂಟ್ಕೊಂಡೇ ಇದಾವಲ್ರೀ, ನಡುವೆ ಒಂದು ಮೋಟುಗೋಡೆ ಅಷ್ಟೇ! ಪೇಪರು ನಾನು ಓದಿ ಮುಗಿಸಿದ ಮೇಲೆ ಆ ಕಡೆ ಎಸೀತೀನಿ. ಆದ್ರೆ ಮೊದಲು ಓದೋದು ನಾನೇ, ಅದನ್ನ ಈಗಲೇ ಹೇಳ್ಬಿಡ್ತೀ... ಹಲೋ?... ಹಲೋ?