ಅಕ್ಕಿಗೊಂದು ಸಾಕ್ಷಿ

ಅಲ್ಲ, ಹಸಿವಿನ್ಯಾಗ ನನ್ನ ಸರಿಸಮ ಯಾರೂ ಇಲ್ಲ ಬಿಡ್ರಿ, ಆ ಲಾಕ್‌ಡೌನ್ ವರ್ಷ ಬರೇ ಅಂಬಲಿ ವಾಸನಿ ಕುಡಿದು ತೇಗಿದಾಂವ ನಾನು! ನೀವು ಆಗ ಸಣ್ಣವಿದ್ರಿ. ನಾರಾಯಣಪೇಟೆ ಸಾವುಕಾರ ಸೀರಿ ಬ್ಯಾಡಂದ, ಇಲ್ಲಿ ಮಕ್ತಲ್‌ದಾಗ ನಮ್ಮ ಮಗ್ಗ ನಿಂತಿತ್ತು, ನಿಮ್ಮಜ್ಜಿ ಖಾಲಿ ಗಡಿಗಿ ತೊಳದು ತೊಳದು ನನ್ನ ಮಾರಿ ನೋಡ್ತಿದ್ಲು. ಅಷ್ಟರಾಗ ಯಾರೋ ಪುಣ್ಯಾತ್ಮರು ನಮ್ಮ ಚರ್ಚಿಗೆ ಅಕ್ಕಿ ಮೂಟಿ ಕಳಿಸಿದ್ರು. ಪಾಸ್ಟರು ಗದ್ವಾಲ್‌ದಾಗ ಸಿಕ್ಕೊಂಡಿದ್ರು, ಹಂಗಾಗಿ ಹಂಚೋ ಕೆಲಸ ಸಭಿ ಹಿರಿಯ ದೇವದಾನಪ್ಪಗ ಬಂತು. ಬಂತು ಅಂದ್ರ, ಬರಲಿಲ್ಲ, ಅವನೇ ಎಳಕೊಂಡ. "ಲೋಕ ಹುಟ್ಟೋದಕ್ಕ ಮೊದಲೇ ದೇವರು ನಮ್ಮನ್ನ ಆರಿಸ್ಯಾನ" ಅಂತ ಭಾನುವಾರಕ್ಕೊಮ್ಮೆ ಎದಿ ಉಬ್ಬಿಸಾಂವ ನೋಡು, ದೇವರು ಆರಿಸೋ ಮುಂದ ಇವನ ಸಲಹಾ ಕೇಳಿದ್ನೇನೋ ಅನ್ನೂ ಹಂಗ!

ನಮ್ಮಾಗ ಸಾಕ್ಷಿ ಹೇಳೋದು ಅಂತ ಐತಿ, ಗೊತ್ತಲ್ಲ, ದೇವರು ನನ್ನ ಬಾಳ್ವಿ ಹೆಂಗ ತಿದ್ದಿದ ಅಂತ ಸಭಿ ಮುಂದ ನಿಂತು ಹೇಳೋದು. ಈ ಮಹಾನುಭಾವ ಅದನ್ನ ತಂದು ಅಕ್ಕಿಗೆ ಗಂಟು ಹಾಕಿದ. "ದೇವರು ಆರಿಸಿದವ್ರು ಯಾರು ಅಂತ ನನಗ ತಿಳೀಬೇಕಲ್ರೀ? ಸಾಕ್ಷಿ ಹೇಳ್ರಿ, ಅಕ್ಕಿ ಒಯ್ರಿ." ಶುರುವಾತು! ಬೀಡಿ ಮುಟ್ಟದಾಂವ ಗಾಂಜಾ ಬಿಟ್ಟೆ ಅಂದ. ಇರುವಿಗೆ ಅಂಜಾಂವ ದರೋಡಿ ಬಿಟ್ಟೆ ಅಂದ. ನಾನೇನು ಕಮ್ಮಿ? "ಹಿರಿಯರ, ಒಂದು ಈಚಲ ಗಿಡದ ಹೆಂಡ ಅಷ್ಟೂ ಕುಡಿದು ಕೃಷ್ಣಾ ಹೊಳ್ಯಾಗ ಬಿದ್ದೆ. ಮೊಸಳಿ ಬಾಯಿ ತಗೀತು. ನಾ ಕೀರ್ತನಿ ಎತ್ತಿದೆ. ಅದು ಬಾಯಿ ಮುಚ್ಚಿ, ಬೆನ್ನ ಮ್ಯಾಲ ಹೊತ್ಕೊಂಡು ದಂಡಿಗೆ ಬಿಡ್ತು!"

"ಸುಳ್ಳ! ಆರಿಸಿದವ್ರ ಲಕ್ಷಣ ಅಲ್ಲ ಇದು. ನಿನಗ ಅಕ್ಕಿ ಇಲ್ಲ, ನಡಿ."

ಮನಿ ಗಡಿಗಿ ನೆನಪಾಗಿ ನಾನು ಖಾಲಿ ಚೀಲ ಹಿಡಕೊಂಡು ಅಲ್ಲೇ ನಿಂತೆ. ನಿಮ್ಮಜ್ಜಿ ಸೆರಗು ಸಿಗಿಸಿಕೊಂಡು ಎದ್ಲು. "ದೇವದಾನಣ್ಣಾ, ಇವರ ಸುಳ್ಳು ಮದುವಿ ದಿನದಿಂದ ಕೇಳೀನಿ, ಅದು ಬಿಡು. ಲೋಕ ಹುಟ್ಟೋದಕ್ಕ ಮೊದಲೇ ಆರಿಸ್ಯಾನ ಅಂತ ನೀನೇ ಹೇಳ್ತಿ. ಆವಾಗ ನೀ ಯಾವ ಸಾಕ್ಷಿ ಹೇಳಿದ್ದಿ?"

"ಅದು... ನನ್ನ ನಡತಿ ನೋಡಿ..."

"ಯಾವ ನಡತಿ? ನೀನೇ ಇರಲಿಲ್ಲಲ್ಲೋ! ಏನೂ ನೋಡದ ಕೊಟ್ಟದ್ದಕ್ಕ ಕೃಪಾ ಅಂತಾರ. ಪುಕ್ಕಟೆ ಒಳಗ ಬಂದಾಂವ ಬಾಗಿಲ್ದಾಗ ಪಹರಾ ನಿಂತೀಯಲ್ಲ, ನಾಚಿಕಿ ಬರಂಗಿಲ್ಲೇನು? ಅಳಿ ಅಕ್ಕಿ!"

ಅಳದ. ತಲಿ ಎತ್ತದ ಅಕ್ಕಿ ಅಳದ, ಸಾಕ್ಷಿಗೆ ಬಾಯಿ ಬಿಡದವ್ರಿಗೂ ಅಳದ.

ಇಷ್ಟೇ ನೋಡ್ರಿ, ಪುಕ್ಕಟೆ ಉಣ್ಣಾಕ ಕುಂತಾಂವ ಬಾಜೂದಾಂವಗ ಸರದು ಜಾಗಾ ಕೊಡಬೇಕು, ನಿನ್ನ ಯೋಗ್ಯತಾ ಏನು ಅಂತ ಕೇಳಬಾರದು. ಏಳ್ರಿ ಇನ್ನ, ಕೈ ತೊಳಕೋರಿ.