ಉಳಿದ ಅರ್ಧ ಭಾರ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ವೃದ್ಧರೂ ಅವರ ಮಗಳೂ ಕೂತಿದ್ದರು.

“ಎಪ್ಪತ್ತೆರಡನೇ ವಯಸ್ಸಲ್ಲಿ ಗುಟ್ಟಾಗಿ ಜಿಮ್ಮಿಗೆ ಹೋಗ್ತಿದ್ದೀರಲ್ಲಪ್ಪಾ, ನೋಡಿದವರು ನಗಲ್ವಾ?”

“ನಗಲಿ ಬಿಡು. ನಲವತ್ತು ವರ್ಷ ಹೊಲಿಗೆ ಮಷಿನ್ ಮುಂದೆ ಕೂತು ಕಾಲು ಕಡ್ಡಿಯಾಗಿದೆ. ಭಾರ ಎತ್ತಿದ್ರೆ ಮೂಳೇನೂ ಗಟ್ಟಿಯಾಗುತ್ತೆ ಅಂತ ಡಾಕ್ಟರೇ ಹೇಳಿದ್ದು.”

“ಎತ್ತೋಕೆ ಹೋಗಿ ಬಿದ್ದುಗಿದ್ದು ಬಿಟ್ರೆ?”

“ಜಿಮ್ಮಿಗೆ ಹೋಗದೆ ಇದ್ದಾಗಲೇ ಅಲ್ವಾ ಬಿದ್ದಿದ್ದು? ನಿಮ್ಮಮ್ಮನ್ನ ಹಾಸಿಗೆಯಿಂದ ಕುರ್ಚಿಗೆ ಕೂರಿಸೋಕೆ ಹೋಗಿ ಇಬ್ಬರೂ ನೆಲಕ್ಕೆ. ನೀನು ಬರೋವರೆಗೂ ಅರ್ಧ ಗಂಟೆ ಹಾಗೇ ಬಿದ್ದಿದ್ವಿ.”

“ಅದಕ್ಕೇ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ ಅಂದಿದ್ದು.”

“ಬರಲ್ಲ ಅಂದಳಲ್ಲ. ಲಕ್ವ ಹೊಡೆದಿದ್ದು ಕೈಕಾಲಿಗೆ, ಬಾಯಿಗಲ್ಲ.”

ಮಗಳಿಗೆ ನಗು ತಡೆಯಲಾಗಲಿಲ್ಲ.

“ಈಗೆಷ್ಟು ಎತ್ತುತ್ತೀರಿ?”

“ಮೂರು ತಿಂಗಳ ಹಿಂದೆ ಎರಡು ಕೆಜಿ. ಈಗ ಹನ್ನೆರಡು.”

“ಅಮ್ಮ ನಲವತ್ತೆಂಟು ಕೆಜಿ ಇದ್ದಾರೆ!”

“ಗೊತ್ತು. ಅವಳ ಒಂದು ಕಾಲಲ್ಲಿ ಇನ್ನೂ ಶಕ್ತಿ ಇದೆ. ಅರ್ಧ ಭಾರ ಅವಳೇ ತಡ್ಕೋತಾಳೆ. ಉಳಿದ ಅರ್ಧ ನನ್ನದು.”

ನರ್ಸ್ ಒಳಗೆ ಕರೆದರು. ಮಗಳು ತೋಳು ಹಿಡಿಯಲು ಬಂದಳು.

“ಬೇಡ, ನಾನೇ ಏಳ್ತೀನಿ.”

ಬೆಂಚಿಗೆ ಕೈ ಊರದೆ ಅರ್ಧ ಎದ್ದವರು ಮತ್ತೆ ಕೂತುಬಿಟ್ಟರು. ಹಲ್ಲು ಕಚ್ಚಿ, ಎರಡನೇ ಸಲ ಪೂರ್ತಿ ಎದ್ದು ನಿಂತರು. ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಬೆಳಿಗ್ಗೆ ಜಿಮ್ಮಿಗೆ ಎಷ್ಟು ಗಂಟೆಗೆ ಹೋಗ್ತೀರಪ್ಪಾ?”

“ಆರಕ್ಕೆ. ಯಾಕೆ?”

“ನೀವು ಬರೋವರೆಗೂ ಅಮ್ಮನ ಹತ್ರ ನಾನಿರ್ತೀನಿ.”

ಇಬ್ಬರೂ ಒಳಗೆ ಹೋದರು.